ಫೋನ್ ಎತ್ತದವರ ಲೆಕ್ಕ

2025ರ ಜೂನ್ 1ರಂದು ಷಿಕಾಗೊದಲ್ಲಿ, ಅಮೆರಿಕದ ಕ್ಯಾನ್ಸರ್ ತಜ್ಞರ ವಾರ್ಷಿಕ ಸಮ್ಮೇಳನದಲ್ಲಿ, ಒಂದು ಅಧ್ಯಯನದ ಫಲಿತಾಂಶ ಹೊರಬಿತ್ತು. ಅದರಲ್ಲಿ ಹೊಸ ಔಷಧ ಯಾವುದೂ ಇರಲಿಲ್ಲ. ಪರೀಕ್ಷೆಗೆ ಒಳಗಾದದ್ದು ವ್ಯಾಯಾಮ, ಅದರಲ್ಲೂ ಹೆಚ್ಚಿನವರಿಗೆ ಬರೀ ನಡಿಗೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೀಮೋವನ್ನೂ ಮುಗಿಸಿದ್ದ 889 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿನ ಕೈಗೆ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆಂದು ತಿಳಿಸುವ ಪುಸ್ತಿಕೆ. ಇನ್ನೊಂದು ಗುಂಪಿಗೆ ಅದೇ ಪುಸ್ತಿಕೆಯ ಜೊತೆಗೆ, ಮೂರು ವರ್ಷ ಕಾಲ ಬೆನ್ನಿಗೆ ನಿಂತು ವ್ಯಾಯಾಮ ಮಾಡಿಸುವ ಒಬ್ಬ ಸಲಹೆಗಾರರು. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಮರುಕಳಿಸದೆ, ಹೊಸದೊಂದು ಕ್ಯಾನ್ಸರ್ ಬಾರದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಶೇ 80.3, ಪುಸ್ತಿಕೆಯ ಗುಂಪಿನಲ್ಲಿ ಶೇ 73.9. ಎಂಟು ವರ್ಷಕ್ಕೆ ಜೀವಂತವಾಗಿ ಉಳಿದಿದ್ದವರು ಶೇ 90.3 ಮತ್ತು ಶೇ 83.2. ಇಷ್ಟು ವ್ಯತ್ಯಾಸ ತೋರಿಸುವ ಮಾತ್ರೆಯೊಂದು ಬಂದಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತು ಎಂದು ಯಾರಾದರೂ ಊಹಿಸಬಹುದು.

ಸುದ್ದಿಯ ತಲೆಬರಹಗಳು ಇಷ್ಟಕ್ಕೆ ತೃಪ್ತಿಪಟ್ಟವು. ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ. ಈ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳಲು ಆರಂಭಿಸಿದ್ದು 2009ರಲ್ಲಿ, ಮುಗಿಸಿದ್ದು 2024ರಲ್ಲಿ. ಕೆಲಸ ನಡೆದದ್ದು 55 ಕೇಂದ್ರಗಳಲ್ಲಿ, ಬಹುಪಾಲು ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ. ಲೆಕ್ಕ ಹಾಕಿದರೆ ಒಂದು ಕೇಂದ್ರಕ್ಕೆ ವರ್ಷಕ್ಕೆ ಸರಾಸರಿ ಒಬ್ಬರು! ಹದಿನೈದು ವರ್ಷ, ಒಂದೊಂದು ಆಸ್ಪತ್ರೆಯಲ್ಲೂ ಯಾರೋ ಕುಳಿತು, ಆ ಒಬ್ಬರು ಯಾರು ಎಂದು ಹುಡುಕಿದ್ದಾರೆ. ಸಿಕ್ಕವರನ್ನು ಮೂರು ವರ್ಷ ಕೈಬಿಡದೆ ನಡೆಸಿದ್ದಾರೆ. ಆಮೇಲೂ ವರ್ಷಗಟ್ಟಲೆ ಅವರ ಸುದ್ದಿ ವಿಚಾರಿಸಿಕೊಂಡು ಬಂದಿದ್ದಾರೆ. ಕೆನಡಾದ ಕಿಂಗ್‌ಸ್ಟನ್ ಊರಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿರುವ ಕ್ಯಾನ್ಸರ್ ಪ್ರಯೋಗಗಳ ತಂಡ ಈ ಎಲ್ಲ ಎಳೆಗಳನ್ನು ಹಿಡಿದು ನಡೆಸಿತು. ಸಂಶೋಧನೆಯ ಮುಂದಾಳುಗಳಾದ ಕೆರಿ ಕೂರ್ನಿಯಾ ಮತ್ತು ಕ್ರಿಸ್ಟೋಫರ್ ಬೂತ್ ಅವರ ಹೆಸರು ಲೋಕಕ್ಕೆ ಗೊತ್ತು. ಆ 55 ಕೇಂದ್ರಗಳಲ್ಲಿ ಫೋನ್ ಹಿಡಿದು ಕುಳಿತವರ ಹೆಸರು ಗೊತ್ತಿಲ್ಲ. ಈ ಅಂಕಣ ಅವರ ಕೆಲಸದ ಬಗ್ಗೆ.

ಕ್ಯಾನ್ಸರ್ ಸಂಶೋಧನೆ ಎಂದ ಕೂಡಲೇ ನಮಗೆ ನೆನಪಾಗುವುದು ಸೂಕ್ಷ್ಮದರ್ಶಕ, ಜೀವಕೋಶ, ಹೊಸ ಇಂಜೆಕ್ಷನ್ನು. ಆದರೆ ರೋಗಿಯೊಬ್ಬರು ಬೀಡಿ ಬಿಡುತ್ತಾರೋ ಇಲ್ಲವೋ, ಸ್ತನ ಕ್ಯಾನ್ಸರಿನ ನಂತರ ಐದು ವರ್ಷ, ಕೆಲವರಿಗೆ ಹತ್ತು ವರ್ಷ ನುಂಗಬೇಕಾದ ಹಾರ್ಮೋನ್ ಮಾತ್ರೆಯನ್ನು ಮಧ್ಯದಲ್ಲೇ ನಿಲ್ಲಿಸುತ್ತಾರೋ, ರಾತ್ರಿ ನಿದ್ದೆ ಬರುತ್ತದೋ, ಮುಂದಿನ ಸ್ಕ್ಯಾನಿನ ಭಯಕ್ಕೆ ಆಸ್ಪತ್ರೆಯ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೋ ಎನ್ನುವುದೂ ಬದುಕು ಸಾವಿನ ಪ್ರಶ್ನೆಯೇ. ಇವನ್ನು ಅಳೆದು, ಬದಲಿಸಲು ಸಾಧ್ಯವೇ ಎಂದು ಪರೀಕ್ಷಿಸುವುದು ನಡವಳಿಕೆಯ ಸಂಶೋಧನೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಾನ್ಯತೆ ಪಡೆದ 70ಕ್ಕೂ ಹೆಚ್ಚು ಕೇಂದ್ರಗಳಿವೆ, ಅವುಗಳಲ್ಲಿ ಹೆಚ್ಚಿನವು ವಿಶ್ವವಿದ್ಯಾಲಯಗಳಿಗೆ ಸೇರಿದವು. ಪ್ರಯೋಗಾಲಯ ಮತ್ತು ಚಿಕಿತ್ಸೆಯ ಜೊತೆಗೆ ಜನಸಮುದಾಯದ ಮಟ್ಟದ ಸಂಶೋಧನೆಯೂ ಗಟ್ಟಿಯಾಗಿದ್ದರೆ ಮಾತ್ರ ಅವಕ್ಕೆ ‘ಸಮಗ್ರ’ ಕೇಂದ್ರವೆಂಬ ಪಟ್ಟ. ಹಾಗಾಗಿ ಅಲ್ಲಿ ಮನಶ್ಶಾಸ್ತ್ರಜ್ಞರು, ಸಮಾಜ ವಿಜ್ಞಾನಿಗಳು, ನರ್ಸಿಂಗ್ ಪ್ರಾಧ್ಯಾಪಕರು ಗಂತಿ ತಜ್ಞರ ಪಕ್ಕದಲ್ಲೇ ಕೆಲಸ ಮಾಡುತ್ತಾರೆ. ಇವರೆಲ್ಲರ ಯೋಜನೆಗಳನ್ನು ನೆಲಕ್ಕಿಳಿಸುವವರು ಸಂಶೋಧನಾ ಸಂಯೋಜಕರು.

ಔಷಧದ ಪ್ರಯೋಗದಲ್ಲಿ ಒಂದು ಅನುಕೂಲವಿದೆ. ಮಾತ್ರೆ ಎಲ್ಲ ಊರಲ್ಲೂ ಒಂದೇ. ಕಾರ್ಖಾನೆಯಲ್ಲಿ ತಯಾರಾಗಿ ಬಂದ 50 ಮಿಲಿಗ್ರಾಂ ಕಿಂಗ್‌ಸ್ಟನ್ನಿನಲ್ಲೂ ಸಿಡ್ನಿಯಲ್ಲೂ 50 ಮಿಲಿಗ್ರಾಮೇ. ನೋಡಲು ಅದರಂತೆಯೇ ಇರುವ ಹುಸಿ ಮಾತ್ರೆಯನ್ನು ಇನ್ನೊಂದು ಗುಂಪಿಗೆ ಕೊಡಬಹುದು, ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ನಡವಳಿಕೆಯ ಸಂಶೋಧನೆಯಲ್ಲಿ ಚಿಕಿತ್ಸೆಯೆಂದರೆ ಮಾತು. ಸಲಹೆಗಾರರು ಒಂದು ದಿನ ಉತ್ಸಾಹದಲ್ಲಿರುತ್ತಾರೆ, ಇನ್ನೊಂದು ದಿನ ದಣಿದಿರುತ್ತಾರೆ. ನಡೆಯುತ್ತಿರುವವರಿಗೆ ತಾವು ನಡೆಯುತ್ತಿದ್ದೇವೆಂದು ಗೊತ್ತಿರುತ್ತದೆ, ಹುಸಿ ನಡಿಗೆ ಎಂಬುದಿಲ್ಲ. ಪುಸ್ತಿಕೆಯ ಗುಂಪಿಗೆ ಸೇರಿದವರೂ, ಇವರು ವ್ಯಾಯಾಮದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡಿದ್ದಾರೆಂದರೆ ಅದರಲ್ಲಿ ಏನೋ ಇರಬೇಕು ಎಂದು ತಾವಾಗಿಯೇ ನಡೆಯಲು ಶುರುಮಾಡಿಬಿಡಬಹುದು. ಆದ್ದರಿಂದ ಇಲ್ಲಿ ಎಲ್ಲವನ್ನೂ ಬರೆದಿಡಬೇಕು: ಯಾರು ಯಾರೊಡನೆ ಎಷ್ಟು ಹೊತ್ತು ಮಾತಾಡಿದರು, ಏನು ಹೇಳಿದರು, ಹೇಳಬೇಕಾದ ಯಾವುದನ್ನು ಬಿಟ್ಟರು. ಎಷ್ಟೋ ಅಧ್ಯಯನಗಳಲ್ಲಿ ಸಲಹೆಯ ಮಾತುಕತೆಯನ್ನು ಧ್ವನಿಮುದ್ರಿಸಿ, ಅದು ಕೈಪಿಡಿಯ ಪ್ರಕಾರ ನಡೆದಿದೆಯೇ ಎಂದು ಇನ್ನೊಬ್ಬರು ಕುಳಿತು ಕೇಳುತ್ತಾರೆ.

ಕರುಳಿನ ಕ್ಯಾನ್ಸರಿನ ಅಧ್ಯಯನದಲ್ಲಿ ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಮುಖಾಮುಖಿ ಭೇಟಿ ಇತ್ತು, ಜೊತೆಗೆ ಕಣ್ಣೆದುರಲ್ಲೇ ವ್ಯಾಯಾಮ ಮಾಡಿಸುವ ಸರದಿ. ಆಮೇಲಿನ ಆರು ತಿಂಗಳು ಭೇಟಿ ಅಥವಾ ಫೋನು. ಎರಡನೇ, ಮೂರನೇ ವರ್ಷ ತಿಂಗಳಿಗೊಮ್ಮೆ. ಗುರಿ ದೊಡ್ಡದೇನಲ್ಲ. ಈಗ ಮಾಡುತ್ತಿರುವುದರ ಮೇಲೆ ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಾಗಿ ನಡೆದರೆ ಸಾಕಾಗುವಷ್ಟು. ಹಾಗಿದ್ದರೆ ಸೇರುವವರು ಇಷ್ಟು ಕಡಿಮೆ ಏಕೆ? ಈಗಾಗಲೇ ಚೆನ್ನಾಗಿ ವ್ಯಾಯಾಮ ಮಾಡುತ್ತಿರುವವರನ್ನು ಸೇರಿಸುವಂತಿಲ್ಲ, ಅವರಲ್ಲಿ ಬದಲಾವಣೆ ಕಾಣುವುದಿಲ್ಲ. ತೀರಾ ನಿತ್ರಾಣರಾದವರನ್ನೂ ಸೇರಿಸುವಂತಿಲ್ಲ, ಅಪಾಯ. ಕೀಮೋ ಮುಗಿದು ಕೆಲವೇ ತಿಂಗಳೊಳಗೆ ಸಿಗಬೇಕು. ಆಸ್ಪತ್ರೆಗೆ ಮತ್ತೆ ಮತ್ತೆ ಬರಬಲ್ಲಷ್ಟು ಹತ್ತಿರ ಇರಬೇಕು. ಇಷ್ಟೆಲ್ಲ ಹೊಂದಿದವರು, ‘ಆಸ್ಪತ್ರೆಯ ಮುಖ ನೋಡಿದ್ದು ಸಾಕು’ ಎನ್ನುವ ಘಟ್ಟದಲ್ಲೇ ಇರುತ್ತಾರೆ. ಜೊತೆಗೆ, ನಡಿಗೆಯಿಂದ ಲಾಭ ಮಾಡಿಕೊಳ್ಳುವ ಕಂಪನಿ ಇಲ್ಲ. ಸಾರ್ವಜನಿಕ ಹಣ ಮತ್ತು ಕ್ಯಾನ್ಸರ್ ದತ್ತಿ ಸಂಸ್ಥೆಗಳ ನೆರವಿನಲ್ಲೇ ಹದಿನೈದು ವರ್ಷ ಕಳೆಯಬೇಕು. ಮಧ್ಯೆ ಕೋವಿಡ್ ಬೇರೆ.

ಸಂಯೋಜಕರ ಬೆಳಗು ಆರಂಭವಾಗುವುದು ಆ ದಿನ ಓಪಿಡಿಗೆ ಬರುವವರ ಪಟ್ಟಿಯಿಂದ. ಯಾರು ಅರ್ಹರು, ಯಾರು ಅಲ್ಲ, ಅಲ್ಲದಿದ್ದರೆ ಏಕೆ, ಪ್ರತಿಯೊಂದೂ ದಾಖಲಾಗುತ್ತದೆ. ಅರ್ಹರೆಂದು ಕಂಡವರ ವೈದ್ಯರನ್ನು ಮೊದಲು ಕೇಳಬೇಕು: ಇವತ್ತು ಇವರನ್ನು ಮಾತಾಡಿಸಬಹುದೇ? ಈ ಪ್ರಶ್ನೆ ಔಪಚಾರಿಕವಲ್ಲ. ಕಾಯಿಲೆ ಹರಡಿದೆ ಎಂದು ಅದೇ ತಾನೇ ಕೇಳಿ ಹೊರಬಂದವರ ಮುಂದೆ ಪ್ರಶ್ನಾವಳಿ ಹಿಡಿಯುವುದು ಕ್ರೂರ. ಹಾಗೆಂದು ಎಲ್ಲ ಸರಿಯಾಗುವವರೆಗೆ ಕಾದರೆ, ಸಂಕಟದಲ್ಲಿದ್ದವರು ಸಂಕಟದ ಅಧ್ಯಯನದಿಂದಲೇ ಹೊರಗುಳಿಯುತ್ತಾರೆ. ಯಾವ ಗಳಿಗೆಯಲ್ಲಿ ಕೇಳಬೇಕು, ಯಾವ ಗಳಿಗೆಯಲ್ಲಿ ಸುಮ್ಮನಿರಬೇಕು ಎಂಬುದನ್ನು ಯಾವ ಪ್ರೋಟೋಕಾಲೂ ಬರೆದುಕೊಡಲಾರದು. ಕೀಮೋ ಹನಿಯುತ್ತಿರುವಾಗ ಎರಡು ಮೂರು ಗಂಟೆ ಕುರ್ಚಿಯಲ್ಲಿ ಕುಳಿತೇ ಇರಬೇಕಾದವರು ಕೆಲವೊಮ್ಮೆ ತಾವೇ ಮಾತಿಗೆ ಎಳೆಯುತ್ತಾರೆ.

ಆಮೇಲೆ ಒಪ್ಪಿಗೆ ಪತ್ರ. ಇದರ ಹಿಂದೆ ಒಂದು ಕರಾಳ ಇತಿಹಾಸವಿದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಜನರಿಗೆ ಸಿಫಿಲಿಸ್ ಇದೆಯೆಂದು ಗೊತ್ತಿದ್ದೂ, ಪೆನ್ಸಿಲಿನ್ ಬಂದ ಮೇಲೂ, ಚಿಕಿತ್ಸೆ ಕೊಡದೆ ಅಮೆರಿಕದ ಸರ್ಕಾರಿ ವೈದ್ಯರು ನೋಡುತ್ತಾ ಕುಳಿತರು. ಅದು ಬಯಲಾದ ಮೇಲೆ 1974ರಲ್ಲಿ ಕಾನೂನು ಬಂತು, 1979ರಲ್ಲಿ ಬೆಲ್ಮಾಂಟ್ ವರದಿ ಬಂತು. ವ್ಯಕ್ತಿಗೆ ಗೌರವ, ಒಳಿತು, ನ್ಯಾಯ ಎಂಬ ಮೂರು ತತ್ವಗಳನ್ನು ಅದು ಮುಂದಿಟ್ಟಿತು. ಇವತ್ತು ಎಥಿಕ್ಸ್ ಕಮಿಟಿಯ ಮುಂದೆ ಹಾಯದೆ ಒಂದು ಪ್ರಶ್ನೆಯನ್ನೂ ರೋಗಿಗೆ ಕೇಳುವಂತಿಲ್ಲ. ಒಪ್ಪಿಗೆ ಪತ್ರಗಳು ಮಾತ್ರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಹೋಗಿ, ಓದಲಾಗದ ಕಾನೂನು ಕಾಗದಗಳಾದವು. ಅಮೆರಿಕದಲ್ಲಿ 2019ರಿಂದ ಜಾರಿಗೆ ಬಂದ ತಿದ್ದುಪಡಿ, ಮುಖ್ಯ ವಿಷಯವನ್ನು ಮೊದಲಿಗೇ ಚುಟುಕಾಗಿ ಹೇಳಲೇಬೇಕೆಂದು ವಿಧಿಸಿತು. ಒಳ್ಳೆಯದಾಯಿತು. ಆದರೂ ನಿಜವಾದ ಒಪ್ಪಿಗೆ ದೊರೆಯುವುದು ಕಾಗದದಲ್ಲಲ್ಲ. ‘ನಾನು ಬೇಡ ಅಂದರೆ ಡಾಕ್ಟರು ಬೇಜಾರು ಮಾಡ್ಕೊಳ್ತಾರಾ?’ ಎಂದು ರೋಗಿ ಕೇಳಿದಾಗ, ‘ಇಲ್ಲ, ನಿಮ್ಮ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗೋದಿಲ್ಲ’ ಎಂದು ಸಂಯೋಜಕರು ಹೇಳುವ ಧಾಟಿಯಲ್ಲಿ ಅದು ಇರುತ್ತದೆ. ಸೇರುವವರ ಸಂಖ್ಯೆ ಹೆಚ್ಚಬೇಕೆಂಬ ಒತ್ತಡ ತಲೆಯ ಮೇಲಿದ್ದಾಗಲೂ ಅದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಪ್ರಶ್ನಾವಳಿಗಳದ್ದು ಇನ್ನೊಂದು ಲೋಕ. ಖಿನ್ನತೆಯನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಒಟ್ಟು 27 ಅಂಕ. ನಿದ್ದೆ ಕೆಟ್ಟಿದೆಯೇ, ಸುಸ್ತಾಗುತ್ತದೆಯೇ, ಹಸಿವು ಹೋಗಿದೆಯೇ ಎಂದು ಅದರಲ್ಲಿ ಕೇಳುತ್ತಾರೆ. ಕೀಮೋದಲ್ಲಿರುವ ಯಾರಿಗೆ ಇವೆಲ್ಲ ಇರುವುದಿಲ್ಲ? ಮೈಯ ಬಳಲಿಕೆಯನ್ನು ಮನಸ್ಸಿನ ಕುಸಿತವೆಂದು ಲೆಕ್ಕ ಹಾಕುವ ಅಪಾಯ ಇಲ್ಲಿದೆ. ಆಸ್ಪತ್ರೆಯ ರೋಗಿಗಳಿಗೆಂದೇ 1983ರಲ್ಲಿ ರೂಪಿಸಿದ 14 ಪ್ರಶ್ನೆಗಳ ಇನ್ನೊಂದು ಮಾಪಕ ಈ ದೈಹಿಕ ಲಕ್ಷಣಗಳನ್ನು ಬೇಕೆಂದೇ ಬಿಟ್ಟಿತು. ಇವೆಲ್ಲಕ್ಕಿಂತ ಸರಳವಾದದ್ದು ಥರ್ಮಾಮೀಟರಿನ ಚಿತ್ರ: ಸೊನ್ನೆಯಿಂದ ಹತ್ತರವರೆಗೆ, ಕಳೆದ ಒಂದು ವಾರದಲ್ಲಿ ನಿಮ್ಮ ಸಂಕಟ ಎಷ್ಟಿತ್ತು, ಗುರುತು ಹಾಕಿ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನಷ್ಟು ವಿಚಾರಿಸಬೇಕು. ಇದು ಬಳಕೆಗೆ ಬಂದದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಜಿಮ್ಮಿ ಹಾಲೆಂಡ್ ಮತ್ತು ಅವರ ಸಂಗಡಿಗರ ಶ್ರಮದಿಂದ. 1977ರಲ್ಲಿ ಆ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಕಟ್ಟಲು ಹೊರಟ ಆಕೆ, ಗಂತಿಯ ಅಳತೆ ತೆಗೆಯುವಷ್ಟೇ ಶ್ರದ್ಧೆಯಿಂದ ದುಃಖದ ಅಳತೆಯನ್ನೂ ತೆಗೆಯಬೇಕು ಎಂಬುದನ್ನು ವೈದ್ಯಲೋಕ ಒಪ್ಪುವವರೆಗೆ ಬಿಡಲಿಲ್ಲ.

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸತ್ತರೆ ವಾಸಿ ಎಂದಾಗಲಿ, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂದಾಗಲಿ ಅನ್ನಿಸಿದೆಯೇ ಎಂಬುದು. ಕಂಪ್ಯೂಟರಿನಲ್ಲಿ ಅದು ಬರೀ ಒಂದು ಕಾಲಮ್. ಆದರೆ ಅಲ್ಲಿ ಸೊನ್ನೆಯ ಬದಲು ಬೇರೆ ಅಂಕಿ ಬಿದ್ದರೆ ಆ ಕ್ಷಣದಿಂದ ಸಂಶೋಧನೆ ಪಕ್ಕಕ್ಕೆ ಸರಿಯಬೇಕು. ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತಿನೊಳಗೆ, ರೋಗಿ ಮನೆಯಿಂದ ಆನ್‌ಲೈನಿನಲ್ಲಿ ತುಂಬಿದ್ದರೆ ಯಾರು ಫೋನ್ ಮಾಡಬೇಕು, ಭಾನುವಾರವಾದರೆ ಏನು ಗತಿ, ಇವೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಉತ್ತರವನ್ನು ಮೂರು ದಿನ ಯಾರೂ ನೋಡದೆ ಬಿಡುವ ವ್ಯವಸ್ಥೆ ಇದ್ದರೆ ಆ ಪ್ರಶ್ನೆಯನ್ನು ಕೇಳುವ ಹಕ್ಕೇ ಇಲ್ಲ. (ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಕಾಡುತ್ತಿದ್ದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ಹಣವಿಲ್ಲ.)

ಇನ್ನೂ ಒಂದು ಇಕ್ಕಟ್ಟಿದೆ. ಹೊರಗಿನವರಿಗೆ ಇದು ಸುಲಭಕ್ಕೆ ಕಾಣುವುದಿಲ್ಲ. ಆಪ್ತ ಸಮಾಲೋಚನೆಯಿಂದ ಆತಂಕ ಇಳಿಯುತ್ತದೆಯೇ ಎಂಬ ಪರೀಕ್ಷೆ ನಡೆದಿದೆ ಎಂದಿಟ್ಟುಕೊಳ್ಳಿ. ಸಮಾಲೋಚನೆ ಸಿಗದ ಗುಂಪಿನ ಒಬ್ಬ ಹೆಣ್ಣುಮಗಳು ಮೂರನೇ ತಿಂಗಳ ಪ್ರಶ್ನೆಗಳಿಗೆ ಉತ್ತರಿಸುತ್ತಾ ಫೋನಿನಲ್ಲಿ ಅಳತೊಡಗುತ್ತಾರೆ. ಸಂಯೋಜಕರು ಒಂದು ಗಂಟೆ ಸಮಾಧಾನ ಹೇಳಿದರೆ, ಆ ಗುಂಪಿಗೂ ಒಂದಿಷ್ಟು ಸಮಾಲೋಚನೆ ಸಿಕ್ಕಿದಂತೆಯೇ. ಹೀಗೆ ಹತ್ತು ಜನಕ್ಕೆ ಆದರೆ ಎರಡು ಗುಂಪಿನ ನಡುವಿನ ಅಂತರ ಕರಗುತ್ತದೆ, ನಿಜವಾಗಿ ಉಪಯೋಗವಿದ್ದ ಚಿಕಿತ್ಸೆ ನಿರುಪಯೋಗಿ ಎಂದು ಬರೆಸಿಕೊಳ್ಳುತ್ತದೆ. ಹಾಗೆಂದು ಅಳುತ್ತಿರುವವರಿಗೆ ‘ಮುಂದಿನ ಪ್ರಶ್ನೆ’ ಎನ್ನಲಾದೀತೇ? ಮನುಷ್ಯರಂತೆ ಕೇಳಿಸಿಕೊಳ್ಳಬೇಕು, ಚಿಕಿತ್ಸಕರಂತೆ ನಡೆದುಕೊಳ್ಳಬಾರದು, ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ವಿಷಯ ಮುಟ್ಟಿಸಬೇಕು, ಮತ್ತು ನಡೆದದ್ದನ್ನು ನಡೆದಂತೆ ದಾಖಲಿಸಬೇಕು. ಇದನ್ನು ದಿನಕ್ಕೆ ಹಲವು ಸಲ ಮಾಡುವವರ ಮೇಲೆ ಬೀಳುವ ಹೊರೆಯನ್ನು ಯಾವ ಅನುದಾನದ ಅರ್ಜಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಲೇಬೇಕು ಎಂಬುದು ನನ್ನ ನಿಲುವು.

ಈ ಶಿಸ್ತು ಏಕೆ ಬೇಕು ಎನ್ನುವುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಮನೋವೈದ್ಯ ಡೇವಿಡ್ ಸ್ಪೀಗೆಲ್, ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರನ್ನು ಅಧ್ಯಯನ ಮಾಡಿದ್ದರು. 50 ಜನ ಒಂದು ವರ್ಷ ಕಾಲ ವಾರಕ್ಕೊಮ್ಮೆ ಒಂದೂವರೆ ಗಂಟೆ ಒಟ್ಟಿಗೆ ಕುಳಿತು ಸಾವಿನ ಭಯ, ಮಕ್ಕಳ ಚಿಂತೆ, ನೋವು ಎಲ್ಲವನ್ನೂ ಮಾತಾಡಿಕೊಂಡರು. 36 ಜನಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಮನಸ್ಸು ಹಗುರಾಯಿತೇ ಎಂದು ನೋಡುವುದಷ್ಟೇ ಮೊದಲಿನ ಉದ್ದೇಶ. ಮನೋಬಲದಿಂದ ಕ್ಯಾನ್ಸರನ್ನು ಗೆಲ್ಲಬಹುದೆಂಬ ಪ್ರಚಾರ ಸುಳ್ಳು ಎಂದು ತೋರಿಸಲು ಅವರು ವರ್ಷಗಳ ನಂತರ ಈ ಮಹಿಳೆಯರು ಎಷ್ಟು ಕಾಲ ಬದುಕಿದರೆಂದು ತೆಗೆದು ನೋಡಿದರು. ಬಂದದ್ದು ಅವರು ನಿರೀಕ್ಷಿಸದ ಉತ್ತರ. ಗುಂಪಿನಲ್ಲಿ ಮಾತಾಡಿದವರು ಸರಾಸರಿ 36.6 ತಿಂಗಳು ಬದುಕಿದ್ದರು, ಉಳಿದವರು 18.9 ತಿಂಗಳು. 1989ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜಗತ್ತು ಬೆರಗಾಯಿತು.

ಆಮೇಲೆ ನಡೆದದ್ದು ವಿಜ್ಞಾನದ ನಿಜವಾದ ಕೆಲಸ. ಕೆನಡಾದಲ್ಲಿ ಪಮೇಲಾ ಗುಡ್ವಿನ್ ಮತ್ತವರ ತಂಡ 235 ಮಹಿಳೆಯರೊಂದಿಗೆ ಅದೇ ವಿಧಾನವನ್ನು ಮತ್ತೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿತು. ಬದುಕಿದ ಕಾಲದ ಮಧ್ಯಾಂಕ 17.9 ತಿಂಗಳು ಮತ್ತು 17.6 ತಿಂಗಳು, ಅಂದರೆ ವ್ಯತ್ಯಾಸವಿಲ್ಲ. ಆದರೆ ನೋವು ಕಡಿಮೆಯಾಗಿತ್ತು, ಹೆಚ್ಚು ಸಂಕಟದಲ್ಲಿದ್ದವರ ಮನಸ್ಸು ಹಗುರಾಗಿತ್ತು. ಸ್ಪೀಗೆಲ್ ತಾವೇ 125 ಮಹಿಳೆಯರೊಂದಿಗೆ ಇನ್ನೊಮ್ಮೆ ಮಾಡಿದರು. 2007ರಲ್ಲಿ, ಒಟ್ಟಾರೆಯಾಗಿ ಆಯುಸ್ಸು ಹೆಚ್ಚಲಿಲ್ಲ ಎಂದು ತಾವೇ ಬರೆದರು. ತನಗೆ ಹೆಸರು ತಂದ ಫಲಿತಾಂಶವನ್ನು ತಾನೇ ಪರೀಕ್ಷೆಗೆ ಒಡ್ಡಿ, ಅದು ನಿಲ್ಲಲಿಲ್ಲ ಎಂದು ಒಪ್ಪುವುದು ಸಣ್ಣ ಮಾತಲ್ಲ. ಆ ಧೈರ್ಯಕ್ಕೆ ನನಗೆ ದೊಡ್ಡ ಗೌರವವಿದೆ.

ದುಃಖದ ಸಂಗತಿಯೆಂದರೆ ಜನರ ಬಾಯಲ್ಲಿ ಉಳಿದದ್ದು 1989ರ ಸುದ್ದಿಯೇ. ‘ಧೈರ್ಯವಾಗಿರಿ, ಅರ್ಧ ಕಾಯಿಲೆ ಹಾಗೇ ವಾಸಿಯಾಗುತ್ತೆ’ ಎಂದು ನೆಂಟರಿಷ್ಟರು ಇವತ್ತಿಗೂ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕಾಯಿಲೆ ಮರುಕಳಿಸಿದಾಗ ಅದೇ ಮಾತು, ನಾನು ಸಾಕಷ್ಟು ಧೈರ್ಯವಾಗಿರಲಿಲ್ಲವೇನೋ ಎಂಬ ಅಪರಾಧಿ ಭಾವವಾಗಿ ರೋಗಿಯನ್ನು ಕುಟುಕುತ್ತದೆ. ಮಾತಾಡಿ ಹಗುರಾಗುವುದಕ್ಕೆ ಆಯುಸ್ಸು ಹೆಚ್ಚುತ್ತದೆ ಎಂಬ ಸಮರ್ಥನೆ ಬೇಕಿಲ್ಲ. ನೋವು ಕಡಿಮೆಯಾಗುವುದೇ ಸಾಕಷ್ಟು ದೊಡ್ಡ ಲಾಭ.

ಈಗ ತಲೆಬರಹದ ವಿಷಯಕ್ಕೆ ಬರುತ್ತೇನೆ. ಯಾವುದೇ ದೀರ್ಘ ಅಧ್ಯಯನದಲ್ಲಿ ಕೆಲವರು ಮಧ್ಯದಲ್ಲಿ ಕಾಣೆಯಾಗುತ್ತಾರೆ. ಫೋನ್ ಎತ್ತುವುದಿಲ್ಲ, ಬರೆದ ಪತ್ರಕ್ಕೆ ಉತ್ತರವಿಲ್ಲ. ಎಲ್ಲ ಬಗೆಯ ಜನರೂ ಒಂದೇ ಪ್ರಮಾಣದಲ್ಲಿ ಕಾಣೆಯಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಹಾಗಾಗುವುದಿಲ್ಲ. ಮೈ ಹೆಚ್ಚು ಕೆಟ್ಟವರು, ಮನಸ್ಸು ಕುಸಿದವರು, ದಿನಗೂಲಿ ಬಿಟ್ಟು ಬರಲಾಗದವರು, ಮತ್ತೆ ಸಿಗರೇಟು ಹಚ್ಚಿ ನಾಚಿಕೊಂಡವರು, ಇವರೇ ಮೊದಲು ಜಾರಿಹೋಗುತ್ತಾರೆ. ಉಳಿದವರ ಉತ್ತರವನ್ನಷ್ಟೇ ಸರಾಸರಿ ತೆಗೆದರೆ ಎಲ್ಲವೂ ಚೆನ್ನಾಗಿದೆ ಎಂಬ ಚಿತ್ರ ಬರುತ್ತದೆ. ಧೂಮಪಾನ ಬಿಡಿಸುವ ಅಧ್ಯಯನಗಳಲ್ಲಿ ಇದಕ್ಕಾಗಿಯೇ ಒಂದು ಬಿಗಿ ನಿಯಮ ರೂಢಿಯಲ್ಲಿದೆ: ಸಂಪರ್ಕಕ್ಕೆ ಸಿಗದವರು ಸೇದುತ್ತಿದ್ದಾರೆ ಎಂದೇ ಎಣಿಸಬೇಕು. ಸಂಖ್ಯಾಶಾಸ್ತ್ರದಲ್ಲಿ ಇನ್ನೂ ನಯವಾದ ವಿಧಾನಗಳಿವೆ. ಆದರೆ ಯಾವ ಸೂತ್ರವೂ, ಆರನೇ ತಿಂಗಳಲ್ಲಿ ಆ ಮನೆಗೆ ಹೋದ ಒಂದು ಫೋನ್ ಕರೆಯ ಜಾಗವನ್ನು ಪೂರ್ತಿ ತುಂಬಲಾರದು.

ಉತ್ತರ ಕೆರೊಲೈನಾ ವಿಶ್ವವಿದ್ಯಾಲಯದ ಲೈನ್‌ಬರ್ಗರ್ ಕ್ಯಾನ್ಸರ್ ಕೇಂದ್ರದ ಈಥನ್ ಬಾಷ್ ಈ ಕರೆಯ ಬೆಲೆಯನ್ನು ಬಲ್ಲವರು. ಅವರು ಮೊದಲು ನ್ಯೂಯಾರ್ಕಿನಲ್ಲಿದ್ದಾಗ, ಕೀಮೋ ಪಡೆಯುತ್ತಿದ್ದ 766 ಜನರ ಮೇಲೆ ಒಂದು ಸರಳ ಪ್ರಯೋಗ ಮಾಡಿದ್ದರು. ವಾಂತಿ, ನೋವು, ಉಸಿರಾಟದ ತೊಂದರೆ ಮೊದಲಾದ 12 ಲಕ್ಷಣಗಳನ್ನು ರೋಗಿಗಳೇ ಕಂಪ್ಯೂಟರಿನಲ್ಲಿ ತಿಳಿಸುತ್ತಿದ್ದರು, ಹೆಚ್ಚಾದರೆ ನರ್ಸುಗಳಿಗೆ ಸೂಚನೆ ಹೋಗುತ್ತಿತ್ತು. ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಸಲ ನರ್ಸುಗಳು ಏನಾದರೊಂದು ಕ್ರಮ ಕೈಗೊಂಡರು. 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ಹೀಗೆ ವರದಿ ಮಾಡಿದವರ ಬದುಕಿನ ಮಧ್ಯಾಂಕ 31.2 ತಿಂಗಳು, ಎಂದಿನಂತೆ ಚಿಕಿತ್ಸೆ ಪಡೆದವರದ್ದು 26 ತಿಂಗಳು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಆದದ್ದು ಸಣ್ಣ ಊರುಗಳಲ್ಲಿ ಆದೀತೇ ಎಂದು ನೋಡಲು ಅವರು ಮುಂದೆ ಅಮೆರಿಕದ 52 ಸ್ಥಳೀಯ ಚಿಕಿತ್ಸಾ ಕೇಂದ್ರಗಳಿಗೆ ಹೋದರು. ಅಲ್ಲಿ ಎಲ್ಲರ ಬಳಿ ಇಂಟರ್ನೆಟ್ ಇರಲಿಲ್ಲ. ಹಾಗಾಗಿ ತಾನಾಗಿಯೇ ಬರುವ ಫೋನ್ ಕರೆಗೆ ಗುಂಡಿ ಒತ್ತಿ ಉತ್ತರಿಸುವ ದಾರಿಯನ್ನೂ ಇಟ್ಟರು. ವಾರದ ಉತ್ತರ ಬಾರದಿದ್ದರೆ ಕೇಂದ್ರದ ಸಿಬ್ಬಂದಿಯೇ ಕರೆ ಮಾಡುತ್ತಿದ್ದರು. 2022ರಲ್ಲಿ ಪ್ರಕಟವಾದ ವರದಿಯಲ್ಲಿ ರೋಗಿಗಳ ಓಡಾಟದ ಶಕ್ತಿ ಮತ್ತು ಜೀವನದ ಗುಣಮಟ್ಟ ಸುಧಾರಿಸಿತ್ತು. ಬರಬೇಕಿದ್ದ ವಾರದ ವರದಿಗಳಲ್ಲಿ ಶೇ 91.5 ಬಂದಿದ್ದವು. ಕೀಮೋದಲ್ಲಿರುವ ಜನರಿಂದ ಅಷ್ಟು ಉತ್ತರ ಪಡೆಯುವುದರ ಕಷ್ಟ ಈ ಕೆಲಸ ಮಾಡಿದವರಿಗೆ ಗೊತ್ತು.

ತಂಬಾಕಿನ ವಿಷಯದಲ್ಲಿ ಅಮೆರಿಕ ಸ್ವಲ್ಪ ತಡವಾಗಿ ಎಚ್ಚರಗೊಂಡಿತು. ಕ್ಯಾನ್ಸರ್ ಬಂದ ಮೇಲೆ ಬಿಟ್ಟು ಏನು ಉಪಯೋಗ ಎಂಬ ಭಾವನೆ ರೋಗಿಗಳಲ್ಲಷ್ಟೇ ಅಲ್ಲ, ವೈದ್ಯರಲ್ಲೂ ಇತ್ತು. ಸೇದುವುದನ್ನು ಮುಂದುವರಿಸಿದವರ ಪರಿಣಾಮ ಕೆಡುತ್ತದೆ ಎಂದು 2014ರ ಸರ್ಜನ್ ಜನರಲ್ ವರದಿ ಖಚಿತವಾಗಿ ಹೇಳಿತು. 2017ರಿಂದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹಂತ ಹಂತವಾಗಿ ತನ್ನ 52 ಕೇಂದ್ರಗಳಲ್ಲಿ ತಂಬಾಕು ಬಿಡಿಸುವ ಕಾರ್ಯಕ್ರಮಕ್ಕೆ ಹಣ ಕೊಟ್ಟಿತು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಅವನ್ನೆಲ್ಲ ಒಟ್ಟಿಗೆ ನಡೆಸುವ ಹೊಣೆ ಬಂತು.

ನಮ್ಮ ದೇಶದಲ್ಲಿ ಇದಕ್ಕೂ ಬಹಳ ಮೊದಲೇ ಒಂದು ದೊಡ್ಡ ಕೆಲಸ ನಡೆದಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಫಾಲಿ ಮೆಹ್ತಾ, ಪ್ರಕಾಶ್ ಗುಪ್ತಾ ಮತ್ತು ಸಂಗಡಿಗರು ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಜಿಲ್ಲೆಗಳ ಹಳ್ಳಿಗಳಲ್ಲಿ 36,000ಕ್ಕೂ ಹೆಚ್ಚು ತಂಬಾಕು ಬಳಕೆದಾರರ ಬಾಯಿ ಪರೀಕ್ಷಿಸಿ, ವರ್ಷ ವರ್ಷವೂ ಮರಳಿ ಹೋಗಿ, ಬಿಡಲು ಬುದ್ಧಿ ಹೇಳಿ, ಯಾರು ಬಿಟ್ಟರು, ಯಾರ ಬಾಯಲ್ಲಿ ಬಿಳಿ ಮಚ್ಚೆ ಬಂತು ಎಂದು ದಾಖಲಿಸಿದರು. 1986ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. ಮಾತಿನಿಂದ ಚಟ ಬಿಡಿಸಬಹುದು, ಅದರಿಂದ ಬಾಯಿ ಕ್ಯಾನ್ಸರಿನ ಮುನ್ಸೂಚನೆಯಾದ ಮಚ್ಚೆಗಳು ತಗ್ಗುತ್ತವೆ ಎಂದು ಅವರು ತೋರಿಸಿದರು. ಫೋನೇ ಅಪರೂಪವಾಗಿದ್ದ ಕಾಲದಲ್ಲಿ, ಮನೆ ಮನೆ ಬಾಗಿಲಿಗೆ ಹೋಗಿ ಮಾಡಿದ ಕೆಲಸವದು.

ಕರ್ನಾಟಕಕ್ಕೆ ಈ ಎಲ್ಲದರ ಸಂಬಂಧ ನೇರವಾಗಿದೆ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ರಾಜ್ಯದ ವಯಸ್ಕರಲ್ಲಿ ಶೇ 22.8 ಜನ ಯಾವುದಾದರೊಂದು ಬಗೆಯಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರಿಗಿಂತ ಜಗಿಯುವವರೇ ಹೆಚ್ಚು. 2013ರಲ್ಲಿ ಗುಟ್ಕಾ ನಿಷೇಧವಾದರೂ ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ ಎಲ್ಲೂ ಹೋಗಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ರಾಯಚೂರು, ಬೀದರ್, ಚಾಮರಾಜನಗರ ಎಂದು ದೂರದೂರದಿಂದ ಬಂದವರನ್ನು ಕಾಣಬಹುದು. ಅಲ್ಲಿಂದ ಕೂಗಳತೆಯಲ್ಲೇ ನಿಮ್ಹಾನ್ಸ್ ಇದೆ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಬಗ್ಗೆ ಈ ದೇಶದಲ್ಲಿ ಮೊದಲು ಯೋಚಿಸಿದವರಲ್ಲಿ ಅಲ್ಲಿ ಕೆಲಸ ಮಾಡಿದ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮುಂತಾದ ಮನೋವೈದ್ಯರಿದ್ದಾರೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ (1800112356) ಒಂದು ಕೇಂದ್ರವೂ ನಿಮ್ಹಾನ್ಸ್‌ನಲ್ಲಿದೆ. ಪೊಟ್ಟಣದ ಮೇಲೆ ಅಚ್ಚಾಗಿರುವ ಆ ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು.

ಇಲ್ಲಿ ಸಂಯೋಜಕರ ಕೆಲಸಕ್ಕೆ ಅಮೆರಿಕದಲ್ಲಿ ಅಷ್ಟಾಗಿ ಕಾಣದ ಒಂದು ತೊಡಕಿದೆ. ‘ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ ಮೇಡಂ, ಗೆಡ್ಡೆ ಅಂತ ಅಷ್ಟೇ ಗೊತ್ತು. ನೀವೂ ಹೇಳ್ಬೇಡಿ’ ಎಂದು ಮಗ ಬಾಗಿಲಲ್ಲೇ ತಡೆಯುತ್ತಾನೆ. ಕಾಯಿಲೆಯ ಹೆಸರೇ ಗೊತ್ತಿಲ್ಲದವರಿಂದ ಕ್ಯಾನ್ಸರ್ ಅಧ್ಯಯನಕ್ಕೆ ಒಪ್ಪಿಗೆ ಪಡೆಯುವುದು ಹೇಗೆ? ಮಗನನ್ನು ಬೈದು ಫಲವಿಲ್ಲ, ಅವನು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಭಾಗಿಯಾಗುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಓದುಬರಹ ಬಾರದವರಾದರೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು ಎನ್ನುತ್ತದೆ. ಅದನ್ನು ಪಾಲಿಸುತ್ತಲೇ ಮಗನನ್ನೂ ನೋಯಿಸದಿರಲು, ಮೊದಲು ಅವನ ಜೊತೆ ಕುಳಿತು ಮಾತಾಡಬೇಕು, ಚಿಕಿತ್ಸೆ ನೀಡುವ ವೈದ್ಯರು ಅಮ್ಮನಿಗೆ ತಿಳಿಸುವವರೆಗೆ ಕಾಯಬೇಕು, ಆಗದಿದ್ದರೆ ಆ ಹೆಸರನ್ನು ಪಟ್ಟಿಯಿಂದ ಬಿಡಬೇಕು. ಗುಟ್ಟಿನಲ್ಲಿ ಸೇರಿಸಿಕೊಳ್ಳುವುದಂತೂ ಕೂಡದು. ಹಾಗೆ ಬಿಟ್ಟುಹೋದವರು ಎಷ್ಟು ಎಂಬುದನ್ನಾದರೂ ಪ್ರಬಂಧದಲ್ಲಿ ಬರೆಯಬೇಕು. ಏಕೆಂದರೆ ನಮ್ಮ ಅಧ್ಯಯನಗಳಲ್ಲಿ ಕಾಣಿಸಿಕೊಳ್ಳುವ ರೋಗಿ, ತನ್ನ ಕಾಯಿಲೆಯನ್ನು ತಿಳಿದ, ಓದಬಲ್ಲ, ಮತ್ತೆ ಬರಬಲ್ಲ ರೋಗಿ ಮಾತ್ರ.

ನಮ್ಮಲ್ಲಿ ಈ ಕೆಲಸ ಮಾಡುವವರು ಸಾಮಾನ್ಯವಾಗಿ ಯೋಜನೆಯ ಅವಧಿಗೆ ಗುತ್ತಿಗೆಯ ಮೇಲೆ ಬಂದ ಯುವಕ ಯುವತಿಯರು. ಎಂಎಸ್‌ಡಬ್ಲ್ಯೂ ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಮಾಡಿರುತ್ತಾರೆ. ಅನುದಾನ ಮುಗಿದ ದಿನ ಅವರ ಕೆಲಸವೂ ಮುಗಿಯುತ್ತದೆ. ಎರಡು ವರ್ಷ ಪ್ರತಿ ತಿಂಗಳು ದನಿ ಕೇಳಿ ಪರಿಚಯವಾಗಿದ್ದ ರೋಗಿಗೆ ಮೂರನೇ ವರ್ಷ ಅಪರಿಚಿತರೊಬ್ಬರ ಕರೆ ಬಂದರೆ, ಸಾಲ ವಸೂಲಿಯವರೋ ಮೋಸಗಾರರೋ ಎಂದು ಫೋನ್ ಇಟ್ಟುಬಿಡುತ್ತಾರೆ. ಅಲ್ಲಿಗೆ ಆ ಒಬ್ಬರು ಲೆಕ್ಕದಿಂದ ಜಾರಿದಂತೆಯೇ. ಇದನ್ನು ಸರಿಪಡಿಸಲು ದೊಡ್ಡ ಮೊತ್ತವೇನೂ ಬೇಕಿಲ್ಲ. ಅನುದಾನ ಮಂಜೂರು ಮಾಡುವಾಗ ಐದು ವರ್ಷದ ಅನುಸರಣೆಗೆ ಬೇಕಾದ ಸಂಬಳವನ್ನು ಮೊದಲೇ ತೆಗೆದಿಡಬೇಕು. ಆಸ್ಪತ್ರೆಯಲ್ಲಿ ಯೋಜನೆಗಳಾಚೆಗೂ ಉಳಿಯುವ ಕೆಲವು ಕಾಯಂ ಸಂಯೋಜಕರ ಹುದ್ದೆ ಇರಬೇಕು. ಫಾಲೋಅಪ್‌ಗೆ ಬರುವವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಕೊಡುವುದನ್ನು ಎಥಿಕ್ಸ್ ಕಮಿಟಿಗಳು ಆಮಿಷವೆಂದು ನೋಡದೆ ನ್ಯಾಯವೆಂದು ನೋಡಬೇಕು. ಅರ್ಜಿ ಪರಿಶೀಲಿಸುವಾಗ ‘ಎಷ್ಟು ಜನರನ್ನು ಸೇರಿಸುತ್ತೀರಿ’ ಎಂದು ಕೇಳುವವರು, ಸೇರಿದವರು ಕರೆಗೆ ಸಿಗದಿದ್ದರೆ ಯಾರು, ಎಷ್ಟು ಸಲ, ಯಾವ ಹೊತ್ತಿನಲ್ಲಿ ಮತ್ತೆ ಕರೆ ಮಾಡುತ್ತಾರೆ ಎಂಬುದನ್ನೂ ಲಿಖಿತವಾಗಿ ಕೇಳಲಿ.